ಅಂಗಳದಂಚಿನ ಅಡಿಕೆ ಒಲೆ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಹೊರಬಂದದ್ದು 1904ರಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳು ಅದರಲ್ಲಿವೆ. ಅಂದಿನ ನಗರ ತಾಲೂಕೇ ಇಂದಿನ ಹೊಸನಗರ. ಮಲೆನಾಡಿನ ಚರಿತ್ರೆ ಬರೆಯಲು ಹೊರಟವರೆಲ್ಲ ಒಮ್ಮೆ ಈ ಸಂಪುಟದ ಬಾಗಿಲು ತಟ್ಟಲೇಬೇಕು. ನಾನೂ ತಟ್ಟಿದೆ. ನನ್ನ ಪಿಎಚ್‌.ಡಿ. ವಿಷಯ ಅಡಿಕೆ ಸಂಸ್ಕರಣೆಯ ಸಾಮಾಜಿಕ ಚರಿತ್ರೆ. ಶಾಸನಗಳಲ್ಲಿ ದತ್ತಿ ಕೊಟ್ಟ ತೋಟ ಸಿಗುತ್ತದೆ, ಗದ್ದೆ ಸಿಗುತ್ತದೆ, ಎಲ್ಲೆ ಗುರುತಿಸಿದ ಹಳ್ಳ, ಕಲ್ಲು, ಮರ ಸಿಗುತ್ತವೆ. ಕೊಟ್ಟದ್ದು ಚಂದ್ರಸೂರ್ಯರಿರುವ ತನಕ ನಡೆಯಬೇಕೆಂಬ ಆಶಯ ಸಿಗುತ್ತದೆ. ಆ ತೋಟದ ಅಡಿಕೆಯನ್ನು ಬೇಯಿಸಿದ ಒಲೆಗೆ ಅಂಥ ಕಲ್ಲಿನ ಮೇಲೆ ಏನು ಕೆಲಸ? ಅದು ಒಂದು ಮಳೆಗಾಲ ದಾಟಿದರೆ ದೊಡ್ಡದು.

ಈ ಬರಹ ಆ ಒಲೆಯ ಬಗ್ಗೆ. ಸಾಗರದ ವರದಹಳ್ಳಿಯ ಸುತ್ತಿನ ಊರುಗಳಲ್ಲಿ, ಹೊಸನಗರ-ತೀರ್ಥಹಳ್ಳಿಯ ತೋಟದ ಮನೆಗಳಲ್ಲಿ ಅಂಗಳದ ಒಂದು ಅಂಚಿಗೆ, ಧರೆ ಕೊರೆದೋ ಜಂಬಿಟ್ಟಿಗೆ ಇಟ್ಟೋ ಮಣ್ಣು ಮೆತ್ತಿ ಕಟ್ಟಿದ ದೊಡ್ಡ ಒಲೆ. ವರ್ಷದ ಒಂಬತ್ತು ತಿಂಗಳು ಅದರ ಬಾಯಲ್ಲಿ ಬೆಕ್ಕು ಮಲಗಿರುತ್ತದೆ. ಉಳಿದ ಮೂರು ತಿಂಗಳು ಇಡೀ ಮನೆಯ ಸಂಪಾದನೆ ಅದರ ಮೇಲೆ ಕುದಿಯುತ್ತದೆ.

ಅಡಿಕೆಗೂ ಬೆಂಕಿಗೂ ಸಂಬಂಧವೇನು ಎಂದು ಹೊರಗಿನ ಓದುಗರು ಕೇಳಬಹುದು. ಕರಾವಳಿಯಲ್ಲಿ ಅಡಿಕೆ ಹಣ್ಣಾದ ಮೇಲೆ ಕೊಯ್ದು, ಸಿಪ್ಪೆ ಸಹಿತ ಒಂದೂವರೆ ತಿಂಗಳು ಬಿಸಿಲಲ್ಲಿ ಒಣಗಿಸಿ ಸುಲಿಯುತ್ತಾರೆ. ಅದು ಚಾಲಿ, ಅದಕ್ಕೆ ಬಿಸಿಲು ಸಾಕು. ಘಟ್ಟದ ಮೇಲೆ ಕಾಯಿ ಹಸಿರಿರುವಾಗಲೇ ಕೊನೆ ಇಳಿಸಿ, ಮೆಟ್ಟುಗತ್ತಿಯಲ್ಲಿ ಸುಲಿದು, ಬೇಯಿಸಿ, ಆಮೇಲೆ ಒಣಗಿಸುತ್ತಾರೆ. ಅದು ಕೆಂಪಡಿಕೆ. ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕಡುಗೆಂಪು ರಸವೇ ಚೊಗರು. ಅದನ್ನು ಮುಂದಿನ ಬೇಯಕ್ಕೆ ಸೇರಿಸುತ್ತಾರೆ, ಗಟ್ಟಿಯಾದದ್ದನ್ನು ಅಡಿಕೆಯ ಮೈಗೆ ಬಣ್ಣವಾಗಿ ಹಚ್ಚುತ್ತಾರೆ. ಹೆಗ್ಗೋಡಿನ ಬಳಿ ಭೀಮನಕೋಣೆಯ ಚರಕ ಸಂಸ್ಥೆಯವರು ಇದೇ ಚೊಗರಿನಲ್ಲಿ ನೂಲಿಗೆ ಬಣ್ಣ ಕಟ್ಟುತ್ತಾರೆ. ಬೆಂಗಳೂರಿನಲ್ಲಿ ಆ ಕಂದುಗೆಂಪು ಜುಬ್ಬ ತೊಟ್ಟು ಸಭೆಗೆ ಬರುವವರಲ್ಲಿ ಎಷ್ಟು ಜನರಿಗೆ ಅದು ಒಲೆಯ ಮೇಲಿಂದ ಇಳಿದ ಬಣ್ಣವೆಂದು ಗೊತ್ತೋ. 100 ಕಿಲೋ ಹಸಿ ಕಾಯಿಗೆ ಕೊನೆಯಲ್ಲಿ ಕೈಗೆ ಬರುವ ಒಣ ಕೆಂಪಡಿಕೆ ಸುಮಾರು 12-13 ಕಿಲೋ. ಉಳಿದದ್ದೆಲ್ಲ ಸಿಪ್ಪೆ, ನೀರು, ಹೊಗೆ. ಕರಾವಳಿಯ ಚಾಲಿಯನ್ನೂ ಮಲೆನಾಡಿನ ಕೆಂಪಡಿಕೆಯನ್ನೂ ಬೇರೆ ಮಾಡುವುದು ಮುಖ್ಯವಾಗಿ ಈ ಮಣ್ಣಿನ ಒಲೆ ಎಂದರೆ ಅತಿಶಯೋಕ್ತಿಯಾಗಲಾರದು.

ಹಾಗಿದ್ದೂ ಚರಿತ್ರೆ ಬರೆದವರ ಕಣ್ಣು ಅತ್ತ ಹೊರಳಿದ್ದು ಕಡಿಮೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ಫ್ರಾನ್ಸಿಸ್ ಬುಕನನ್ ಮದ್ರಾಸಿನಿಂದ ಹೊರಟ. ಸೋದೆ, ಶಿರಸಿ, ಬನವಾಸಿಗಳನ್ನು ದಾಟಿ ಸಾಗರ, ಇಕ್ಕೇರಿ, ನಗರದ ದಾರಿ ಹಿಡಿದದ್ದು 1801ರ ಮಾರ್ಚ್‌ನಲ್ಲಿ. ಅಡಿಕೆ ತೋಟಗಳ ಬಗ್ಗೆ ಅವನು ಪುಟಗಟ್ಟಲೆ ಬರೆದಿದ್ದಾನೆ. ಸಸಿ, ನೆರಳು, ಸೊಪ್ಪು, ಗೊಬ್ಬರ, ಕಂದಾಯ, ಪೇಟೆ ಎಲ್ಲವನ್ನೂ ಕೇಳಿ ಬರೆದುಕೊಂಡ. ಕಂಪನಿಗೆ ಬೇಕಾದದ್ದು ಅದು. ನನಗೆ ಅವನ ಪ್ರಯಾಣದ ತಿಂಗಳೇ ಹೆಚ್ಚು ಹೇಳುತ್ತದೆ. ಮಾರ್ಚ್ ಎಂದರೆ ಸುಗ್ಗಿ ಮುಗಿದು ಅಡಿಕೆ ಮೂಟೆ ಸೇರುವ ಕಾಲ. ದಾರಿಯ ಎರಡೂ ಬದಿಯ ಒಲೆಗಳು ತಣ್ಣಗಾಗಿ ಬೂದಿ ಮುಚ್ಚಿಕೊಂಡಿದ್ದಿರಬೇಕು. ಅವನು ಡಿಸೆಂಬರಿನಲ್ಲಿ ಬಂದಿದ್ದರೆ ಕತ್ತಲಾದ ಮೇಲೆ ಕಣಿವೆ ಕಣಿವೆಯಲ್ಲೂ ಕೆಂಪು ಬೆಳಕು ಕಾಣದೇ ಇರುತ್ತಿರಲಿಲ್ಲ.

ಶತಮಾನ ಕಳೆದ ಮೇಲೆ ಮೈಸೂರು ಸರ್ಕಾರದ ವಿಜ್ಞಾನ ಮಲೆನಾಡಿಗೆ ಬಂತು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿನ ಸೇವೆಗೆ ಸೇರಿ ಕೊಳೆರೋಗದ ಬೆನ್ನು ಹತ್ತಿದ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಹೊಡೆಯುವ ಪದ್ಧತಿ ಹಬ್ಬಿದ್ದರಲ್ಲಿ ಅವನ ಪಾತ್ರ ದೊಡ್ಡದು. ಇವತ್ತಿಗೂ ಮಳೆಗಾಲದಲ್ಲಿ ‘ಔಷಧಿ ಹೊಡೆಯುವುದು’ ಎಂದರೆ ಇಲ್ಲಿ ಅದೇ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಹುಟ್ಟಿ ಅಡಿಕೆ ಮಾರಾಟಕ್ಕೆ ಸಹಕಾರಿ ದಾರಿ ತೆರೆಯಿತು. ವಿಜ್ಞಾನ ಮರದ ತುದಿಯನ್ನು ನೋಡಿತು, ಸಹಕಾರ ಸಂಘ ಮೂಟೆಯನ್ನು ನೋಡಿತು. ಮರದ ತುದಿಗೂ ಮೂಟೆಗೂ ನಡುವೆ ಒಂದು ಒಲೆ ಇದೆ, ಅದನ್ನು ಯಾರೋ ಕಟ್ಟುತ್ತಾರೆ ಎಂಬುದು ಕಡತಕ್ಕೆ ಬರುವಂಥ ವಿಷಯವಾಗಿರಲಿಲ್ಲ.

ಯಾರು ಕಟ್ಟುತ್ತಾರೆ? ನಾನು ಕೇಳಿದಲ್ಲೆಲ್ಲ ಮೊದಲು ಬಂದ ಉತ್ತರ ‘ನಾವೇ’. ತೋಟದ ಯಜಮಾನರು ಹೇಳುವ ‘ನಾವೇ’ಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಕಲ್ಲು ಹೊತ್ತು ಹೊಂಡ ತೆಗೆಯುವುದು ಗಂಡಾಳು. ಮಣ್ಣು ಹದ ಮಾಡಿ ಮೆತ್ತುವುದು, ಬಿರುಕು ನೋಡುವುದು, ಪ್ರತಿವರ್ಷ ಮತ್ತೆ ಬಳಿಯುವುದು ಹೆಚ್ಚಿನ ಕಡೆ ಕೆಲಸಕ್ಕೆ ಬರುವ ಹೆಂಗಸರು. ಸಾಗರ-ಹೊಸನಗರದ ಕಡೆ ಅವರಲ್ಲಿ ಬಹಳ ಮಂದಿ ದೀವರ ಮನೆಗಳವರು. ಬ್ರಾಹ್ಮಣರ ಮನೆಯ ಒಳಗಿನ ಒಲೆಗೆ ಮಡಿ ಇತ್ತು. ಅದನ್ನು ಸಾರಿಸುವ ಕೈ ಆ ಮನೆಯದೇ ಆಗಬೇಕಿತ್ತು. ಅಂಗಳದ ಒಲೆಗೆ ಮಡಿ ಇರಲಿಲ್ಲ. ಹಾಗೆಂದು ಅಲ್ಲಿ ಎಲ್ಲರೂ ಸಮಾನರಾಗಿ ಕೂತು ಬೆಂಕಿ ಕಾಯಿಸಿದರು ಎಂದುಕೊಂಡರೆ ತಪ್ಪಾದೀತು. ಗೇಣಿ ಅಳೆಯುವ ಕೊಳಗದ ಅಳತೆಗಾಗಿಯೇ 1951ರಲ್ಲಿ ಕಾಗೋಡಿನ ರೈತರು ಸತ್ಯಾಗ್ರಹ ಹೂಡಬೇಕಾಗಿ ಬಂದ ಸೀಮೆ ಇದು. ಒಲೆಯ ಒಂದು ಮಗ್ಗುಲಲ್ಲಿ ಹಂಡೆಯ ಮೇಲೆ ಕಣ್ಣಿಟ್ಟು ಕೂತವರು, ಇನ್ನೊಂದು ಮಗ್ಗುಲಲ್ಲಿ ಕುಂಟೆ ನೂಕುತ್ತ ಕೂತವರು. ಬೆಂಕಿ ಒಂದೇ, ಜಾಗ ಬೇರೆ.

ಈ ಹೆಂಗಸರ ಮಣ್ಣಿನ ಅರಿವಿಗೆ ಇನ್ನೊಂದು ಮುಖವಿದೆ, ಅದು ಈಗ ಲೋಕಪ್ರಸಿದ್ಧ. ದೀವರ ಮನೆಗಳ ಗೋಡೆಯ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯುವ ಭೂಮಣ್ಣಿ ಬುಟ್ಟಿ. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಆ ಕಲೆಯ ಮೇಲೆ ಪುಸ್ತಕಗಳು ಬಂದಿವೆ, ಪ್ರದರ್ಶನಗಳು ನಡೆದಿವೆ. ಬುಟ್ಟಿಗೆ ಬಳಿಯುವ ಕೆಮ್ಮಣ್ಣನ್ನು ಎಷ್ಟು ತೆಳುವಾಗಿ ಕಲಸಬೇಕೆಂದು ತಿಳಿದ ಕೈಗೇ ಒಲೆಗೆ ಎಷ್ಟು ಗಟ್ಟಿ ಬೇಕೆಂದೂ ತಿಳಿದಿರುತ್ತದೆ. ಚಿತ್ತಾರ ಚೌಕಟ್ಟಿನೊಳಗೆ ಕೂತಿತು. ಒಲೆಯನ್ನು ಚೌಕಟ್ಟು ಹಾಕಿಸುವುದು ಹೇಗೆ?

ವರದಹಳ್ಳಿಯ ಕಡೆಯ ಒಬ್ಬ ಹಿರಿಯ ಹೆಂಗಸಿನಿಂದ ನಾನು ಒಲೆ ಕಟ್ಟುವ ಕ್ರಮವನ್ನು ಎರಡು ಸುಗ್ಗಿಗಳಲ್ಲಿ ಕೇಳಿ ಬರೆದುಕೊಂಡಿದ್ದೇನೆ. ಪ್ರಾಯ ಎಪ್ಪತ್ತು ದಾಟಿದೆ, ಹೆಸರು ಹಾಕಬೇಡ ಎಂದಿದ್ದಾರೆ. ‘ಒಲೆ ಹಾಕಿದ್ದಕ್ಕೆಲ್ಲ ಹೆಸ್ರು ಯಾಕೆ ತಂಗೀ, ಅನ್ನ ಬೇಯ್ಸಿದ್ದಕ್ಕೆ ಯಾರಾದ್ರೂ ಹೆಸ್ರು ಹಾಕ್ತಾರಾ?’ ಎಂದು ಕೇಳಿದರು. ಅವರನ್ನು ಇಲ್ಲಿ ಅಮ್ಮ ಎನ್ನುತ್ತೇನೆ. ಊರೂ ಹಾಗೇ ಕರೆಯುತ್ತದೆ.

ಮೊದಲನೆಯದು ಜಾಗ. ಸೋಗೆ ಹೊದೆಸಿದ ಮನೆಗಳ ಕಾಲದಲ್ಲಿ ಕಿಡಿಯ ಭಯವೇ ಜಾಗ ಗೊತ್ತುಮಾಡುತ್ತಿತ್ತು. ಮನೆಯ ಮಾಡಿನಿಂದ, ಹುಲ್ಲಿನ ಬಣವೆಯಿಂದ ದೂರ. ಆದರೆ ಬಾವಿಗೂ ಅಡಿಕೆ ಹರವುವ ಚಪ್ಪರಕ್ಕೂ ಹತ್ತಿರ, ಏಕೆಂದರೆ ಬಿಸಿ ಅಡಿಕೆ ತುಂಬಿದ ಬುಟ್ಟಿಯನ್ನು ಹೊತ್ತು ಹತ್ತು ಹೆಜ್ಜೆ ಹೆಚ್ಚು ನಡೆಯುವುದೂ ಬೆನ್ನಿಗೆ ಗೊತ್ತಾಗುತ್ತದೆ. ಹೆಂಚು ಬಂದ ಮೇಲೆ ಒಲೆ ಮನೆಗೆ ಸ್ವಲ್ಪ ಹತ್ತಿರ ಸರಿಯಿತು. ಧರೆ ಇದ್ದಲ್ಲಿ ಅದನ್ನೇ ಕೊರೆಯುವುದು ಉತ್ತಮ ಎನ್ನುತ್ತಾರೆ ಅಮ್ಮ. ಹಂಡೆಯ ಬಾಯಿ ಮೇಲಿನ ಅಂಗಳದ ಮಟ್ಟಕ್ಕೆ ಬರುತ್ತದೆ, ಅಡಿಕೆ ಸುರಿಯಲೂ ತೆಗೆಯಲೂ ಬಗ್ಗಿದರೆ ಸಾಕು, ಎತ್ತಬೇಕಿಲ್ಲ. ಉರಿ ಹಾಕುವವರು ಕೆಳಗೆ ಬೇರೆ ಮಟ್ಟದಲ್ಲಿ ಕೂರುತ್ತಾರೆ. ಮೂರು ಕಡೆ ಭೂಮಿಯೇ ಗೋಡೆಯಾದ್ದರಿಂದ ಬಿಸಿಯೂ ಪೋಲಾಗುವುದು ಕಡಿಮೆ.

ಬಾಯಿ ಯಾವ ದಿಕ್ಕಿಗೆ? ಸುಗ್ಗಿಯ ತಿಂಗಳುಗಳಲ್ಲಿ ಇಲ್ಲಿ ಬೀಸುವುದು ಮೂಡುಗಾಳಿ. ಬಾಯಿ ನೇರ ಗಾಳಿಗೆ ತೆರೆದರೆ ಕಟ್ಟಿಗೆ ಭರಭರ ಉರಿದು ಹೋಗುತ್ತದೆ, ಹಂಡೆಯ ತಳ ಸುಡುತ್ತದೆ, ಮೇಲಿನ ಅಡಿಕೆ ಬೇಯುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟರೆ ಹೊಗೆ ಕೂತವರ ಕಣ್ಣಿಗೆ ಬರುತ್ತದೆ. ಆದ್ದರಿಂದ ಗಾಳಿಗೆ ಅಡ್ಡಲಾಗಿ, ಪಕ್ಕೆ ಕೊಟ್ಟಂತೆ. ಇದನ್ನು ಹೇಳಿ ಅಮ್ಮ ಸೇರಿಸಿದ್ದು: ‘ಹಂಡೆ ಯಜಮಾನ್ರದ್ದು, ಕಣ್ಣು ನಮ್ದು. ಎರಡನ್ನೂ ಉಳಿಸ್ಬೇಕಲ್ಲ.’

ಮಣ್ಣಿನ ಆಯ್ಕೆಯಲ್ಲಿ ಅಮ್ಮ ಬಹಳ ಕಟ್ಟುನಿಟ್ಟು. ಹುತ್ತದ ಮಣ್ಣು ಮೊದಲನೇ ಆಯ್ಕೆ. ಗೆದ್ದಲು ಅಗಿದು ಅಂಟು ಸೇರಿಸಿದ ಮಣ್ಣು ಅಷ್ಟು ನುಣ್ಣಗೆ, ಕಲ್ಲಿಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಆದರೆ ಜೀವ ಇರುವ ಹುತ್ತ ಮುಟ್ಟುವ ಹಾಗಿಲ್ಲ. ಹಾವು ಸೇರಿದ್ದು, ಪೂಜೆಗೊಳ್ಳುವುದು ಅಂತೂ ಇಲ್ಲವೇ ಇಲ್ಲ. ಬಿದ್ದ ಹುತ್ತ, ಹಳೆಯ ಹುತ್ತ. ಅದು ಸಿಗದಿದ್ದರೆ ಕೆರೆಯಂಚಿನ ಜೇಡಿಗೆ ಧರೆಯ ಕೆಮ್ಮಣ್ಣು ಬೆರೆಸುವುದು. ಬರೀ ಜೇಡಿ ಒಣಗುವಾಗ ಸೀಳುತ್ತದೆ, ಬರೀ ಕೆಮ್ಮಣ್ಣು ಉದುರುತ್ತದೆ. ಎಷ್ಟಕ್ಕೆಷ್ಟು ಎಂದು ಕೇಳಿದ್ದಕ್ಕೆ ಒಂದು ಉಂಡೆ ಮಾಡಿ ಬಿಸಿಲಿಗೆ ಇಟ್ಟರು. ಮರುದಿನ ಅದು ಬಿರಿದಿತ್ತು. ಇನ್ನೊಂದಿಷ್ಟು ಭತ್ತದ ಹೊಟ್ಟು ಸೇರಿಸಿ ಮತ್ತೊಂದು ಉಂಡೆ. ಪ್ರಯೋಗಾಲಯದಲ್ಲಿ ಇದಕ್ಕೆ ಬೇರೆ ಹೆಸರಿರಬಹುದು, ವಿಧಾನ ಮಾತ್ರ ಇದೇ.

ಹದ ಬಂದ ಮಣ್ಣನ್ನು ತುಳಿದು ಒಂದು ರಾತ್ರಿ ಹಾಳೆಯೋ ಗೋಣಿಯೋ ಮುಚ್ಚಿ ಇಡಬೇಕು. ಕಟ್ಟುವಾಗ ಒಂದೇ ದಿನ ಪೂರ್ತಿ ಎತ್ತರ ಏರಿಸಬಾರದು. ಗೇಣೆತ್ತರ ಏರಿಸಿ, ಅದು ಬಿಗಿದ ಮೇಲೆ ಮುಂದಿನದು. ಹಂಡೆಯ ಕೆಳಹೊಟ್ಟೆ ಎಷ್ಟು ಒಳಗಿಳಿಯಬೇಕು ಎಂಬುದರಲ್ಲಿ ಒಲೆಯ ಗುಟ್ಟಿದೆ. ಉರಿ ತಳಕ್ಕೆ ತಾಗಿ, ಪಕ್ಕೆಯನ್ನು ಸವರಿಕೊಂಡು ಹಿಂದಿನ ಕಿಂಡಿಯಿಂದ ಹೊರಬೀಳಬೇಕು. ಸಂದು ಅಗಲವಾದರೆ ಬಿಸಿ ಹಾರಿಹೋಗುತ್ತದೆ, ಕಿರಿದಾದರೆ ಹೊಗೆ ಉಸಿರುಗಟ್ಟಿ ಬಾಯಿಂದಲೇ ವಾಪಸು. ಅಮ್ಮನ ಅಳತೆ ಮೂರು ಬೆರಳು. ಅವರ ಬೆರಳು.

ಹೊಸ ಒಲೆಗೆ ತಕ್ಷಣ ಬೆಂಕಿ ಕೊಡಬಾರದು. ನೆರಳಲ್ಲಿ ಒಣಗಬೇಕು, ಬಿಸಿಲಿಗೆ ಬಿಟ್ಟರೆ ಮೇಲ್ಮೈ ಮೊದಲು ಬಿಗಿದು ಒಳಗೆ ನೀರು ಉಳಿಯುತ್ತದೆ. ಆಮೇಲೆ ಎರಡು ಮೂರು ದಿನ ಒಣ ಸೋಗೆ, ಹಾಳೆ ತುಂಡುಗಳ ಸಣ್ಣ ಬೆಂಕಿ. ಕುಂಟೆ ಹಾಕುವ ಸರದಿ ಕೊನೆಗೆ. ಅವಸರ ಮಾಡಿದರೆ ಮಣ್ಣಿನೊಳಗಿನ ನೀರು ಹಬೆಯಾಗಿ ಒಲೆಯ ಬದಿಯನ್ನೇ ಒದ್ದು ಕೆಡವುತ್ತದೆ. ನಮ್ಮಲ್ಲಿ ದೀಪಾವಳಿಗೆ ಬಚ್ಚಲ ಹಂಡೆಯನ್ನು ತೊಳೆದು, ಕೆಮ್ಮಣ್ಣು-ಸುಣ್ಣ ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬುವ ರೂಢಿ ಇದೆ. ಹೊರಗಿನ ಒಲೆಯ ದುರಸ್ತಿಯೂ ಆ ಹೊತ್ತಿಗೇ. ಹಬ್ಬದ ಶಾಸ್ತ್ರವೂ ಸುಗ್ಗಿಯ ಸಿದ್ಧತೆಯೂ ಒಂದೇ ಸಗಣಿ ಬುಟ್ಟಿಯಿಂದ ಮುಗಿಯುತ್ತವೆ.

ಉರಿ ಹಾಕುವುದು ಬೇರೆಯದೇ ವಿದ್ಯೆ. ಶುರುವಿಗೆ ಸೋಗೆಯ ಭಗ್ಗನೆ ಉರಿಯುವ ಜ್ವಾಲೆ, ಕುದಿ ಬಂದ ಮೇಲೆ ಕುಂಟೆಯ ನಿಧಾನದ ಕೆಂಡ. ಕುದಿ ಉಕ್ಕಿದರೆ ಚೊಗರು ಒಲೆಯ ಅಂಚಿಗೆ ಇಳಿದು ಮಣ್ಣನ್ನು ಸಡಿಲಿಸುತ್ತದೆ, ಹಣವೂ ಮಣ್ಣು ಸೇರುತ್ತದೆ. ಬೆಂದದ್ದು ಗೊತ್ತಾಗುವುದು ಗಡಿಯಾರದಿಂದಲ್ಲ. ಅಡಿಕೆಯ ಕಣ್ಣು ಕಳಚಿ ಬೀಳಬೇಕು. ತೂತಿನ ದೊಡ್ಡ ಸೌಟಿನಲ್ಲಿ ನಾಲ್ಕು ಎತ್ತಿ ನೋಡಿ, ಸಾಕು ಎಂದರೆ ಸಾಕು. ಹೆಚ್ಚು ಬೆಂದರೂ ಕಡಿಮೆ ಬೆಂದರೂ ಪೇಟೆಯಲ್ಲಿ ದರ ಇಳಿಯುತ್ತದೆ. ಹಾಗಾಗಿ ನಡುರಾತ್ರಿ ನಿದ್ದೆಗಣ್ಣಲ್ಲಿ ಉರಿ ನೋಡುತ್ತ ಕೂತವರ ತೀರ್ಮಾನದ ಮೇಲೆ ಒಂದು ಮನೆಯ ವರ್ಷ ನಿಂತಿರುತ್ತದೆ. ಈ ಮಾತು ಯಾವ ಕೂಲಿ ಲೆಕ್ಕದಲ್ಲೂ ಕಾಣುವುದಿಲ್ಲ. ನಾನು ನೋಡಿದ ಹಳೆಯ ಮನೆ ಲೆಕ್ಕದ ಪುಸ್ತಕಗಳಲ್ಲಿ ಕೊನೆ ಕೊಯ್ದ ಕೊನೆಗೌಡನ ಕೂಲಿ ಇದೆ, ಸುಲಿದವರ ಕೂಲಿ ಇದೆ. ಒಲೆಗೆ ಸಂಬಂಧಿಸಿದ್ದು ಕಟ್ಟಿಗೆ ಗಾಡಿಯ ಬಾಡಿಗೆ ಮಾತ್ರ.

ಆರೈಕೆಯ ವಿಷಯದಲ್ಲಿ ಅಮ್ಮ ಹೇಳಿದ್ದು ಕಡಿಮೆ, ಮಾಡಿದ್ದು ಹೆಚ್ಚು. ಬೆಳಗ್ಗೆ ಬೂದಿ ತೆಗೆಯುವಾಗ ಪೂರ್ತಿ ಬಳಿಯುವುದಿಲ್ಲ, ತಳದಲ್ಲಿ ಎರಡು ಬೆರಳು ಬಿಡುತ್ತಾರೆ. ಅದು ನೆಲದ ತಂಪನ್ನು ತಡೆಯುತ್ತದೆ. ಕೂದಲೆಳೆಯ ಬಿರುಕನ್ನು ಮುಟ್ಟುವುದಿಲ್ಲ. ಬೆರಳಿನ ಉಗುರು ಹೋಗುವಷ್ಟಾದರೆ ಒಲೆ ಬೆಚ್ಚಗಿರುವಾಗ, ಬಿಸಿಯಿರುವಾಗಲ್ಲ, ಸಗಣಿ ಮತ್ತು ಹುತ್ತದ ಮಣ್ಣಿನ ರಾಡಿ ಒತ್ತುತ್ತಾರೆ. ಬೆಂಕಿ ಆರಿಸಲು ನೀರು ಎರಚಿದವರನ್ನು ಅವರು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕೊಳ್ಳಿ ಹೊರಗೆಳೆದು ಮರಳಲ್ಲಿ ಹೊರಳಿಸಬೇಕು. ಕಾದ ಮಣ್ಣಿಗೆ ತಣ್ಣೀರು ಬಿದ್ದರೆ ಅಂದೇ ಸೀಳು.

ಮತ್ತೆ ಮಳೆಗಾಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ಉಳಿದೆಡೆ ಅದಕ್ಕಿಂತ ಕಡಿಮೆ ಇದ್ದರೂ ಮಣ್ಣಿನ ಒಲೆಗೆ ಅದರ ಕಾಲುಪಾಲೂ ಹೆಚ್ಚೇ. ಮೇ ಕೊನೆಗೆ ಒಲೆಯೊಳಗೆ ಅಡಿಕೆ ಸಿಪ್ಪೆ ತುಂಬಿ, ಮೇಲೆ ಸೋಗೆ ಹೊದೆಸುತ್ತಿದ್ದರು. ಈಗ ತಗಡು, ನೀಲಿ ಟಾರ್ಪಾಲು. ಅಷ್ಟಾದರೂ ನೆಲದಿಂದ ಏರುವ ಶೀತಕ್ಕೆ ಬುಡ ಮೆತ್ತಗಾಗುತ್ತದೆ. ಅಕ್ಟೋಬರಿನಲ್ಲಿ ಮುಚ್ಚಳ ತೆಗೆದಾಗ ಉಳಿದದ್ದು ಎಷ್ಟು ಎಂಬುದು ಪ್ರತಿವರ್ಷದ ಕುತೂಹಲ. ನನಗೆ ಚರಿತ್ರೆಕಾರಳಾಗಿ ಕಾಡಿದ್ದು ಇದೇ: ಈ ಒಲೆ ಎಷ್ಟು ಹಳೆಯದು ಎಂದು ಕೇಳಿದರೆ ಒಂದೇ ಮನೆಯಲ್ಲಿ ‘ಹೋದ ವರ್ಷದ್ದು’ ಎಂಬ ಉತ್ತರವೂ ‘ಅಜ್ಜನ ಕಾಲದ್ದು’ ಎಂಬ ಉತ್ತರವೂ ಬರುತ್ತದೆ, ಎರಡೂ ನಿಜ. ಜಾಗ ಅಜ್ಜನದು, ಮಣ್ಣು ಈ ವರ್ಷದ್ದು. 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯ ಊರುಗಳನ್ನು ನುಂಗಿತು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದು ನಿಲ್ಲುತ್ತದೆ, ಜನ ನೋಡಲು ಹೋಗುತ್ತಾರೆ. ಆ ಊರುಗಳ ಒಲೆಗಳು ಮೊದಲ ವರ್ಷವೇ ಕೆಸರಿನಲ್ಲಿ ಕೆಸರಾದವು. ಮನೆ ಕಳೆದುಕೊಂಡವರು ಹೊಸ ಜಾಗದಲ್ಲಿ ಎಬ್ಬಿಸಿದ ಮೊದಲ ಕಟ್ಟಡ ಒಲೆಯೇ ಆಗಿದ್ದಿರಬೇಕು. ಪರಿಹಾರದ ಪಟ್ಟಿಯಲ್ಲಿ ಮನೆ, ಮರ, ಗದ್ದೆಗೆ ಬೆಲೆ ಕಟ್ಟಬಹುದು. ಮೂರು ಬೆರಳಿನ ಸಂದಿಗೆ?

ಒಲೆ ಕೊನೆಗೂ ಕಡತ ಸೇರಿದ್ದು ಕಾಡಿನ ಕಾರಣದಿಂದ. ಸೌದೆ ಮುಗಿಯುತ್ತಿದೆ ಎಂಬ ಆತಂಕ 1970ರ ದಶಕದಲ್ಲಿ ದೇಶಾದ್ಯಂತ ಇತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಗ್ರಾಮೀಣ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. 1980ರ ದಶಕದ ಮೊದಲಲ್ಲಿ ಅಲ್ಲಿಂದ ಬಂದದ್ದೇ ಮೂರು ಪಾತ್ರೆಗಳ ಅಸ್ತ್ರ ಒಲೆ. ಮುಚ್ಚಿದ ಉರಿಗೂಡು, ಅಡಿಯಲ್ಲಿ ಕಬ್ಬಿಣದ ಜಾಲರಿ, ಸಾಲಾಗಿ ಮೂರು ಕುಳಿ, ಕೊನೆಗೆ ಹೊಗೆ ಕೊಳವೆ. ಸಾದಾ ಒಲೆಗಳಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು ಪಾತ್ರೆಗೆ ತಲುಪುವುದೂ ಕಷ್ಟವೆನ್ನುವಾಗ ಅಸ್ತ್ರ ಒಲೆ ಪ್ರಯೋಗಗಳಲ್ಲಿ ನೂರಕ್ಕೆ ನಲವತ್ತರ ಆಸುಪಾಸು ಮುಟ್ಟಿತು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಕ್ಕದ ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತರು, ಅಪ್ಪಿಕೋ ಚಳವಳಿ. ಒಂದೇ ವರ್ಷದ ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ಓದಬೇಕೆಂಬುದು ನನ್ನ ವಾದ. ಮರ ಯಾರದ್ದು ಎಂಬ ಪ್ರಶ್ನೆ ಕಾಡಿನಲ್ಲಿ ಎದ್ದಾಗಲೇ ಮರ ಎಷ್ಟು ಬೇಕು ಎಂಬ ಪ್ರಶ್ನೆ ಅಡುಗೆಮನೆಗೆ ಬಂತು. ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ಹೆಂಗಸರು ಎಂದು ಎಲ್ಲರೂ ಸುಲಭವಾಗಿ ಒಪ್ಪಿಕೊಂಡರು.

ಅಸ್ತ್ರ ಒಲೆಯನ್ನು ಗೇಲಿ ಮಾಡುವ ಬರಹಗಳಿವೆ, ನಾನು ಆ ಸಾಲಿನಲ್ಲಿಲ್ಲ. ಅದನ್ನು ರೂಪಿಸಿದವರು ಮಣ್ಣನ್ನು ಗೌರವಿಸಿದವರು. ನಮ್ಮ ಹಳೆಯ ಕೋಡೊಲೆಯಲ್ಲಿ ಮುಖ್ಯ ಒಲೆ ಬಿಟ್ಟುಕೊಟ್ಟ ಬಿಸಿಗೆ ಪಕ್ಕದಲ್ಲಿ ಸಾರು ಕಾಯುತ್ತಿತ್ತು. ಅಸ್ತ್ರ ಅದೇ ತರ್ಕವನ್ನು ಮೂರನೇ ಕುಳಿಯವರೆಗೆ ಎಳೆಯಿತು, ಹೊಗೆಯನ್ನು ಮಾಡಿನ ಹೊರಗೆ ಕಳಿಸಿತು. ಹೊಗೆಯಿಂದ ಕಣ್ಣು ಕಳೆದುಕೊಂಡ ಅಜ್ಜಿಯರಿರುವ ಮನೆಗಳಲ್ಲಿ ಬೆಳೆದವರು ಕೊಳವೆಯನ್ನು ಹಗುರವಾಗಿ ಕಾಣಲಾರರು. ತೊಡಕು ಬೇರೆ ಕಡೆ ಇತ್ತು. ಉರಿಗೂಡು ಚಿಕ್ಕದಾದ್ದರಿಂದ ಸೌದೆಯನ್ನು ಸಣ್ಣಗೆ ಸೀಳಬೇಕು, ಆ ಹೆಚ್ಚಿನ ಕೆಲಸವೂ ಹೆಂಗಸರದ್ದೇ. ಮಣ್ಣು ಬಿರಿದಾಗ ಒಳಗಿನ ಅಳತೆ ತಪ್ಪದಂತೆ ಸರಿಪಡಿಸಲು ತರಬೇತಾದವರು ಬೇಕು, ಅವರು ವರ್ಷಕ್ಕೊಮ್ಮೆ ಬರುವುದಿಲ್ಲ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಮೂರನೇ ಕುಳಿಯನ್ನು ಮಣ್ಣಿನಿಂದ ಮುಚ್ಚಿ ಅದರ ಮೇಲೆ ಉಪ್ಪಿನ ಮರಿಗೆ ಇಟ್ಟದ್ದು ನೋಡಿದೆ. ಉಪ್ಪು ಒಣಗಿರುತ್ತದಂತೆ. 2002ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ನಿಂತಾಗ ದೇಶದಲ್ಲಿ ಸುಮಾರು 3.5 ಕೋಟಿ ಸುಧಾರಿತ ಒಲೆಗಳು ಕಟ್ಟಲ್ಪಟ್ಟಿದ್ದವೆಂಬ ಲೆಕ್ಕವಿತ್ತು. ಲೆಕ್ಕ ಕಟ್ಟಿದ್ದರದ್ದು, ಉರಿದದ್ದರದ್ದಲ್ಲ. 2016ರ ಉಜ್ವಲ ಯೋಜನೆಯ ಹೊತ್ತಿಗೆ ಮಾತು ಗ್ಯಾಸಿನ ಕಡೆ ಪೂರ್ತಿ ಹೊರಳಿತ್ತು.

ಇಷ್ಟರಲ್ಲೂ ಗಮನಿಸಬೇಕಾದದ್ದು, ಆ ಕಾರ್ಯಕ್ರಮದ ‘ಒಲೆ’ ಎಂದರೆ ಅಡುಗೆಮನೆಯ ಒಲೆ. ಅಂಗಳದ ಒಲೆ ಅಡುಗೆಯೂ ಅಲ್ಲ, ಕೈಗಾರಿಕೆಯೂ ಅಲ್ಲ. ಅಡುಗೆಗಿಂತ ಎಷ್ಟೋ ಪಾಲು ಕಟ್ಟಿಗೆ ತಿನ್ನುವ ಅದು ಮನೆಬಳಕೆಯ ಸೌದೆಯ ಲೆಕ್ಕಕ್ಕೂ ಸರಿಯಾಗಿ ಹೊಂದುವುದಿಲ್ಲ, ಕಾರ್ಖಾನೆಯ ಲೆಕ್ಕಕ್ಕೂ ಬರುವುದಿಲ್ಲ. ಅಡಿಕೆ ಬೇಯಿಸಲೆಂದೇ ಇಟ್ಟಿಗೆ, ಜಾಲರಿ, ಕೊಳವೆಗಳ ಸುಧಾರಿತ ಒಲೆಗಳು ಆಮೇಲೆ ಬಂದವು, ಕೆಲವು ಮನೆಗಳಲ್ಲಿ ಚೆನ್ನಾಗಿ ಉರಿಯುತ್ತಲೂ ಇವೆ. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಸುಲಿಯುವ ಯಂತ್ರ ಮತ್ತು ಹಸಿ ಅಡಿಕೆ ವ್ಯಾಪಾರ. ಆಳು ಸಿಗದ ಮನೆಗಳು ಕೊನೆಯನ್ನು ಹಸಿಯಾಗಿಯೇ ಕೊಟ್ಟುಬಿಡುತ್ತವೆ. ಕೊಂಡವರು ನೂರು ತೋಟದ ಕಾಯಿಯನ್ನು ಒಂದೇ ಕಡೆ ಸುಲಿದು ಬೇಯಿಸುತ್ತಾರೆ. ಅಲ್ಲಿ ಒಲೆ ದೊಡ್ಡದು, ತಿಂಗಳಾನುಗಟ್ಟಲೆ ಆರುವುದಿಲ್ಲ, ಆದ್ದರಿಂದ ಮಣ್ಣಿನದ್ದಾಗಿ ಉಳಿದಿಲ್ಲ.

ನನ್ನ ಮಾರ್ಗದರ್ಶಕರು ಕೇಳುವ ಪ್ರಶ್ನೆ ಸರಳ: ಆಧಾರವೇನು? ವಿಶ್ವವಿದ್ಯಾಲಯಕ್ಕೆ ಅಡಿಟಿಪ್ಪಣಿ ಬೇಕು. ಅಮ್ಮನ ಮೂರು ಬೆರಳಿಗೆ ಪುಟಸಂಖ್ಯೆ ಇಲ್ಲ. ನಾನೀಗ ಮಾಡುತ್ತಿರುವುದು ಅಳೆಯುವ ಕೆಲಸ. ಮೂರು ತಾಲೂಕುಗಳಲ್ಲಿ ಹೋದ ಮನೆಯ ಒಲೆಯ ಬಾಯಗಲ, ಆಳ, ಸಂದಿನ ಅಗಲ, ಬಾಯಿಯ ದಿಕ್ಕು, ಮಣ್ಣು ತಂದ ಜಾಗ, ಕಟ್ಟಿದವರ ಹೆಸರು. ಹೆಸರು ಹೇಳಲು ಒಪ್ಪಿದವರದ್ದು ಮಾತ್ರ. ಈ ಕೊನೆಯ ಕಲಮಿಗೆ ಬಂದಾಗ ಮನೆಯವರು ತಡವರಿಸುತ್ತಾರೆ. ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ತೋಟಕ್ಕೆ ಸಸಿ ತಂದ ಮುತ್ತಜ್ಜನ ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ, ಹೋದ ತಿಂಗಳು ಒಲೆ ಬಳಿದವಳ ಹೆಸರು ಇರುವುದಿಲ್ಲ.

ಕಳೆದ ಕೆಲವು ವರ್ಷಗಳಿಂದ ಈ ಮೂರೂ ತಾಲೂಕುಗಳ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದಿದೆ. ಸೋಗೆ ಕಂದಿ ಒಣಗುತ್ತದೆ, ಮರ ಸೊರಗುತ್ತದೆ, ಕೊನೆ ಕಮ್ಮಿಯಾಗುತ್ತದೆ. ಅಮ್ಮ ಒಲೆ ಕಟ್ಟುವ ತೋಟದಲ್ಲೂ ಬಂದಿದೆ. ಈ ಅಕ್ಟೋಬರಿನಲ್ಲಿ ನಾನು ಹೋದಾಗ ಟಾರ್ಪಾಲು ಸರಿಸಿ ಒಲೆಯ ಒಳಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಬಿರುಕು ಮುಚ್ಚಲು ಬೇಕಾದ್ದಕ್ಕಿಂತ ಬಹಳ ದಪ್ಪ. ದೊಡ್ಡ ಹಂಡೆ ಈ ಸಲ ಅಟ್ಟದಿಂದ ಇಳಿಯುವುದಿಲ್ಲವಂತೆ. ಇರುವ ಬೆಳೆಗೆ ಬಚ್ಚಲ ಹಂಡೆಯೇ ಸಾಕು ಎಂದು ಯಜಮಾನರು ಹೇಳಿದ್ದಾರೆ. ಅದನ್ನು ತಂದು ಒಮ್ಮೆ ಇಳಿಸಿ ನೋಡಿ, ಸಂದಿಗೆ ಬೆರಳು ಹಾಕಿದರು. ಇನ್ನೂ ಐದು ಬೆರಳಿತ್ತು. ಹಂಡೆ ಎತ್ತಿಟ್ಟು ಮತ್ತೊಂದು ಮುದ್ದೆ ಮಣ್ಣು ತೆಗೆದುಕೊಂಡರು.